ಬಳ್ಳಾರಿಯ ಮಳೆ, ಬಳ್ಳಾರಿಯ ಬಾಯಾರಿಕೆ

ಏಪ್ರಿಲ್ ಕೊನೆಯ ವಾರ, ರಾತ್ರಿ ಒಂಬತ್ತೂವರೆ. ಮುಖ ತೊಳೆಯಲೆಂದು ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತದೆ. ಹೀಟರ್ ಹಾಕಿಲ್ಲ, ಸೋಲಾರ್ ಕೂಡ ಇಲ್ಲ. ಮಾಳಿಗೆಯ ಮೇಲಿನ ಕಪ್ಪು ಸಿಂಟೆಕ್ಸ್ ಹಗಲಿಡೀ ಕುಡಿದ ಬಿಸಿಲನ್ನು ಈಗ ಕಕ್ಕುತ್ತಿದೆ, ಅಷ್ಟೆ. ತಣ್ಣೀರಿನ ಸ್ನಾನ ಬೇಕೆನ್ನುವವರು ಬೆಳಗಿನ ಜಾವವೇ ಬಕೆಟ್ ತುಂಬಿ ಬಚ್ಚಲಿನ ಮೂಲೆಯಲ್ಲಿ ಮುಚ್ಚಿಡಬೇಕು. "ನಮ್ಮೂರಿಗೆ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಬಿರುಬೇಸಿಗೆ" ಎಂದು ಹೊರಗಿನಿಂದ ಬಂದ ನೆಂಟರಿಗೆಲ್ಲ ಬಳ್ಳಾರಿಯವರು ತಾವೇ ಹೇಳಿ ನಗಿಸುತ್ತಾರೆ.

ನಗುವುದಕ್ಕೆ ಅಡ್ಡಿಯಿಲ್ಲ. ಆದರೆ ಆ ತಮಾಷೆಯನ್ನು ಆಡಳಿತವೂ ನಿಜವೆಂದೇ ನಂಬಿಕೊಂಡಂತೆ ಕಾಣುವುದು ತೊಂದರೆಯ ವಿಷಯ. ಬಿಸಿಲೇರಿದರೆ ಕಚೇರಿಯ ವೇಳೆ ಬದಲು, ಮಳೆ ಕೈಕೊಟ್ಟರೆ ಬರ ಘೋಷಣೆ, ಎರಡರ ನಡುವೆ ವರ್ಷದ ಸರಾಸರಿ ಎಂಬ ಒಂದು ಅಂಕಿ. ಬಳ್ಳಾರಿಯಂಥ ಅರೆಶುಷ್ಕ ಊರನ್ನು ಸರಾಸರಿಯಿಂದ ಅಳೆಯಲು ಹೊರಟರೆ ಬಿಸಿಲಿನ ಲೆಕ್ಕವೂ ತಪ್ಪುತ್ತದೆ, ನೀರಿನ ಲೆಕ್ಕವೂ ತಪ್ಪುತ್ತದೆ. ಹೇಗೆಂದು ನೋಡೋಣ.

ಮೊದಲು 'ಅರೆಶುಷ್ಕ' ಎಂಬ ಪದ. ಮಳೆ ಕಡಿಮೆ ಬೀಳುವ ಊರು ಎಂದು ಅದನ್ನು ಅರ್ಥ ಮಾಡಿಕೊಳ್ಳುವುದು ರೂಢಿ. ಬಳ್ಳಾರಿ ನಗರದಲ್ಲಿ ವರ್ಷಕ್ಕೆ ಬೀಳುವುದು ಸುಮಾರು 500 ಮಿಲಿಮೀಟರ್. ಸದಾ ಜಿನುಗು ಮಳೆ, ಕೈಯಲ್ಲಿ ಕೊಡೆ ಎಂದು ನಾವು ಊಹಿಸಿಕೊಂಡಿರುವ ಲಂಡನ್ನಿನಲ್ಲಿ ಬೀಳುವುದು ಸುಮಾರು 600. ನಮಗೂ ಅವರಿಗೂ ಇರುವ ಅಂತರ ಒಂದೆರಡು ಜೋರು ಮಳೆಯಷ್ಟು ಮಾತ್ರ! ಅಲ್ಲಿ ಹುಲ್ಲು ವರ್ಷವಿಡೀ ಹಸಿರು, ಇಲ್ಲಿ ಜಾಲಿ ಮುಳ್ಳು. ವ್ಯತ್ಯಾಸ ಇರುವುದು ಬಿದ್ದ ನೀರನ್ನು ಗಾಳಿ ಎಷ್ಟು ಬೇಗ ಹೀರಿಕೊಳ್ಳುತ್ತದೆ ಎಂಬುದರಲ್ಲಿ. ಬಳ್ಳಾರಿಯ ಬಿಸಿಲು, ಗಾಳಿ, ಒಣಹವೆ ಮೂರೂ ಸೇರಿ ವರ್ಷವೊಂದರಲ್ಲಿ ಆವಿಯಾಗಿಸಬಲ್ಲ ನೀರು, ಇಲ್ಲಿ ಬೀಳುವ ಮಳೆಯ ಮೂರು ಪಟ್ಟಿಗೂ ಹೆಚ್ಚು. ಬರುವ ಸಂಬಳಕ್ಕೆ ಮೂರು ಪಟ್ಟು ಖರ್ಚಿರುವ ಮನೆಯ ಸ್ಥಿತಿ ಇದು.

ಹವಾಗುಣಗಳನ್ನು ವಿಂಗಡಿಸಿದ ಸಸ್ಯವಿಜ್ಞಾನಿ ವ್ಲಾದಿಮಿರ್ ಕೊಪೆನ್ ಈ ಬಾಯಾರಿಕೆಯನ್ನು ಅಳೆಯಲು ಒಂದು ಸರಳ ಸೂತ್ರವನ್ನು ಬಿಟ್ಟುಹೋಗಿದ್ದಾನೆ. ಊರಿನ ವಾರ್ಷಿಕ ಸರಾಸರಿ ಉಷ್ಣತೆಯನ್ನು 20ರಿಂದ ಗುಣಿಸಬೇಕು. ಮಳೆಯ ಬಹುಪಾಲು ವರ್ಷದ ಬೆಚ್ಚನೆಯ ಅರ್ಧದಲ್ಲೇ ಬೀಳುವುದಾದರೆ ಅದಕ್ಕೆ 280 ಕೂಡಿಸಬೇಕು. ಬಳ್ಳಾರಿಯ ಸರಾಸರಿ 28 ಡಿಗ್ರಿಯ ಆಸುಪಾಸು. ಲೆಕ್ಕ ಹಾಕಿದರೆ 840 ಬರುತ್ತದೆ. ಮಳೆ ಇದಕ್ಕಿಂತ ಕಡಿಮೆಯಾದರೆ ಅರೆಶುಷ್ಕ, ಇದರ ಅರ್ಧಕ್ಕಿಂತ, ಅಂದರೆ 420ಕ್ಕಿಂತ ಕಡಿಮೆಯಾದರೆ ಮರುಭೂಮಿ. ಬೆಂಗಳೂರಿಗೆ ಇದೇ ಲೆಕ್ಕ ಹಾಕಿ: ಸರಾಸರಿ 24 ಡಿಗ್ರಿ, ಗಡಿ 760, ಬೀಳುವ ಮಳೆ ಒಂಬೈನೂರು ದಾಟುತ್ತದೆ. ಆ ಊರು ದಡ ಸೇರಿತು. ಬಳ್ಳಾರಿಯ 500 ಮರುಭೂಮಿಯ ಗಡಿಯಿಂದ 80 ಮಿಲಿಮೀಟರಿನಷ್ಟೇ ಮೇಲಿದೆ. ಕೊಪೆನ್ ಸೂತ್ರ ದೀರ್ಘಾವಧಿಯ ಸರಾಸರಿಗೆ ಮಾಡಿದ್ದು ಎಂಬುದು ನಿಜ. ಆದರೂ ಮಳೆ 400ಕ್ಕೆ ಇಳಿದ ವರ್ಷ ನಾವು ಬದುಕಿದ್ದು ಎಂಥ ಊರಿನಲ್ಲಿ ಎಂದು ಕೇಳಿಕೊಳ್ಳಬಹುದಲ್ಲ. ಇನ್ನೊಂದು ಸಂಗತಿಯೂ ಈ ಸೂತ್ರದಲ್ಲೇ ಅಡಗಿದೆ. ಸರಾಸರಿ ಉಷ್ಣತೆ ಒಂದು ಡಿಗ್ರಿ ಏರಿದರೆ ಮೇಲಿನ ಗಡಿ 20 ಮಿಲಿಮೀಟರ್ ಮೇಲಕ್ಕೆ ಸರಿಯುತ್ತದೆ. ಮಳೆ ಒಂದು ಹನಿಯೂ ಕಡಿಮೆಯಾಗದೆ ಊರು ಇನ್ನಷ್ಟು ಒಣಗಬಹುದು. ಹವಾಮಾನ ಬದಲಾವಣೆ ಎಂದಾಗ 'ಮಳೆ ಹೆಚ್ಚುತ್ತದೋ ಕಡಿಮೆಯಾಗುತ್ತದೋ' ಎಂದಷ್ಟೇ ಕೇಳುವವರು ಗಮನಿಸಬೇಕಾದ ಮಾತಿದು.

ಇನ್ನು ಕಾಲಗಳ ವಿಷಯ. ಶಾಲೆಯ ಪುಸ್ತಕದ ಪ್ರಕಾರ ಜೂನ್‌ನಿಂದ ಮಳೆಗಾಲ. ಜೂನ್ ಎರಡನೇ ವಾರ ಬಳ್ಳಾರಿಯ ಕೋಟೆ ಗುಡ್ಡದ ಬುಡದಲ್ಲಿ ನಿಂತು ತಲೆಯೆತ್ತಿ ನೋಡಿದರೆ ಮೋಡಗಳು ಪಡುವಣದಿಂದ ದಂಡೆತ್ತಿ ಬಂದಂತೆ ಓಡುತ್ತಿರುತ್ತವೆ, ಒಂದೂ ನಿಲ್ಲುವುದಿಲ್ಲ. ಆಗುಂಬೆಯಲ್ಲಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಸುರಿಯುವ ಅದೇ ಮುಂಗಾರು ಮಾರುತ, ಮುನ್ನೂರು ಕಿಲೋಮೀಟರ್ ಒಳಗಿನ ಹಾದಿಯಲ್ಲಿ ಜೇಬು ಖಾಲಿ ಮಾಡಿಕೊಂಡು ಇಲ್ಲಿಗೆ ಬರುತ್ತದೆ. ಪಶ್ಚಿಮ ಘಟ್ಟ ಏರುವಾಗ ತಂಪಾಗಿ ನೀರೆಲ್ಲ ಇಳಿಸಿದ ಗಾಳಿ, ಈಚೆ ಇಳಿಯುವಾಗ ಬಿಸಿಯಾಗಿ ಒಣಗುತ್ತದೆ. ಉಳಿಯುವುದು ಬರೀ ರಭಸ. ಆಷಾಢದಲ್ಲಿ ನಮಗೆ ಸಿಗುವುದು ಗಾಳಿಯೇ. ಮಕ್ಕಳು ಗಾಳಿಪಟ ಹಾರಿಸುವುದು ಈ ತಿಂಗಳಲ್ಲಿ, ಚಿತ್ರದುರ್ಗದ ಜೋಗಿಮಟ್ಟಿಯ ಮೇಲೆ, ಗದಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಭರದಿಂದ ತಿರುಗುವುದೂ ಈ ತಿಂಗಳುಗಳಲ್ಲೇ. ಇದೇ ಗಾಳಿ ವೇದಾವತಿಯ, ನಮ್ಮ ಬಾಯಲ್ಲಿ ಹಗರಿಯ, ಒಣಪಾತ್ರದ ಮರಳನ್ನು ಎತ್ತಿಕೊಂಡು ಹೋಗಿ ಗಡಿಯಾಚೆ ಅನಂತಪುರ ಜಿಲ್ಲೆಯ ದರ್ಗಾ ಹೊನ್ನೂರಿನ ಹೊಲಗಳ ಮೇಲೆ ದಿಬ್ಬವಾಗಿ ಸುರಿದಿದೆ. ನಮ್ಮಲ್ಲಿ 'ಮಳೆಗಾಲ' ಎನಿಸಿಕೊಂಡ ತಿಂಗಳುಗಳು ಅಲ್ಲಿ ಮರಳಿನ ತಿಂಗಳುಗಳು.

ಬಳ್ಳಾರಿಯ ನಿಜವಾದ ಮಳೆಗಾಲ ಸೆಪ್ಟೆಂಬರ್ ಮತ್ತು ಅಕ್ಟೋಬರ್. ಪಡುವಣ ಗಾಳಿಯ ಸೊಕ್ಕು ಇಳಿದ ಮೇಲೆ, ನೆಲದ ಕಾವಿಗೆ ಮಧ್ಯಾಹ್ನದ ಹೊತ್ತಿಗೆ ಮೋಡಗಳು ನಿಂತಲ್ಲೇ ಗೋಪುರದಂತೆ ಬೆಳೆಯಲು ಅವಕಾಶವಾಗುತ್ತದೆ. ಬಂಗಾಳ ಕೊಲ್ಲಿಯ ತೇವ ಮೂಡಣದಿಂದ ಒಳನುಗ್ಗುತ್ತದೆ, ಕೆಲವೊಮ್ಮೆ ವಾಯುಭಾರ ಕುಸಿತವೇ ಆಂಧ್ರದ ಮೇಲಿಂದ ಇತ್ತ ಸಾಗಿಬರುತ್ತದೆ. ಸಂಜೆ ನಾಲ್ಕಕ್ಕೆ ಮೂಡಣ ಕಪ್ಪಿಟ್ಟರೆ ಏಳಕ್ಕೆ ಗುಡುಗು. ಕೌಲ್ ಬಜಾರಿನಲ್ಲಿ ಮೊಣಕಾಲುದ್ದ ನೀರು ಹರಿಯುವಾಗ ಊರಿನ ಇನ್ನೊಂದು ತುದಿಯಲ್ಲಿ ಧೂಳು ಏಳುತ್ತಿರುವುದೂ ಉಂಟು.

ಮಳೆ ನಕ್ಷತ್ರಗಳ ಲೆಕ್ಕ ಇಟ್ಟ ರೈತರಿಗೆ ಇದು ಹೊಸ ವಿಷಯವಲ್ಲ. "ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ" ಎಂಬುದು ಮುಂಗಾರು ಬಿತ್ತುವವರ ಆಸೆ. "ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆ ಮಗ ಉಂಡಷ್ಟೂ ಒಳ್ಳೆಯದು" ಎಂಬುದು ಆಗಸ್ಟ್ ಮಧ್ಯದ ಮಾತು. ಎರೆ ಭೂಮಿಯವರು, ಅಂದರೆ ಕಪ್ಪು ಮಣ್ಣಿನ ರೈತರು, ಎದುರು ನೋಡುವುದು ಅದಾದ ಮೇಲಿನ ಹುಬ್ಬೆ, ಉತ್ತರೆ, ಹಸ್ತ, ಚಿತ್ತೆಗಳನ್ನು. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಅಗಲಕ್ಕೆ ಬಾಯಿಬಿಟ್ಟ ಎರೆ ನೆಲ, ಮೊದಲ ಮಳೆಯನ್ನು ಬಿರುಕುಗಳ ಮೂಲಕ ಆಳಕ್ಕೆ ಇಳಿಸಿಕೊಂಡು, ಉಬ್ಬಿ, ಬಾಯಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಬಿತ್ತಿದ ಬಿಳಿಜೋಳ, ಕಡಲೆ, ಕುಸುಬೆ ಮೇಲಿನಿಂದ ಹೆಚ್ಚು ನೀರು ಕೇಳದೆ ಒಳಗಿನ ಹಸಿಯ ಮೇಲೆಯೇ ಬೆಳೆಯುತ್ತವೆ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಎದೆಯುದ್ದ ನಿಂತಿರುವ ಜೋಳ ಕುಡಿಯುತ್ತಿರುವುದು ಎರಡು-ಮೂರು ತಿಂಗಳ ಹಿಂದಿನ ಮಳೆಯನ್ನು. ಮುಂಗಾರು ಮಳೆಯನ್ನೇ ನಂಬಿದ ಮಸಾರಿ ನೆಲಕ್ಕೆ, ಅಂದರೆ ಕೆಂಪು ಮಣ್ಣಿಗೆ, ಈ ಉಳಿತಾಯದ ಬುದ್ಧಿ ಇಲ್ಲ. ಒಂದೇ ತಾಲ್ಲೂಕಿನಲ್ಲಿ, ಒಂದೇ ಮಳೆಮಾಪಕದ ಅಂಕಿಯ ಕೆಳಗೆ, ಮಸಾರಿಯವನಿಗೆ ಬರ, ಎರೆಯವನಿಗೆ ಸುಗ್ಗಿ ಆಗುವುದು ಹೀಗೆ. ಬೆಳೆ ಪರಿಹಾರದ ಪಟ್ಟಿ ಬಂದಾಗ ಊರೂರಲ್ಲಿ ಜಗಳವೇಳುವುದರ ಹಿಂದೆ ರಾಜಕೀಯದ ಜೊತೆ ಈ ಮಣ್ಣಿನ ಗುಣವೂ ಇದೆ.

ಇಷ್ಟು ಮಳೆಯೂ ಹಂಚಿ ಬೀಳುವುದಿಲ್ಲ. ದಿನಕ್ಕೆ 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಹವಾಮಾನ ಇಲಾಖೆ ಅದನ್ನು ಮಳೆಯ ದಿನವೆನ್ನುತ್ತದೆ. ಬಳ್ಳಾರಿಗೆ ಅಂಥ ದಿನಗಳು ವರ್ಷಕ್ಕೆ ಮೂವತ್ತು, ಮೂವತ್ತೈದು. ಅವುಗಳಲ್ಲೂ ನಾಲ್ಕೈದು ದಿನ ಸುರಿದದ್ದೇ ವರ್ಷದ ಹಣೆಬರಹ ಬರೆಯುತ್ತದೆ. 2009ನ್ನು ನೆನಪಿಸಿಕೊಳ್ಳಿ. ಆ ವರ್ಷ ದೇಶದ ಮುಂಗಾರು ವಾಡಿಕೆಗಿಂತ ಸುಮಾರು 22 ಶೇಕಡಾ ಕಡಿಮೆಯಾಗಿ ಬರ ಬಿದ್ದಿತ್ತು, ಉತ್ತರ ಕರ್ನಾಟಕ ಆಗಸ್ಟ್‌ವರೆಗೂ ಆಕಾಶ ನೋಡುತ್ತ ಕುಳಿತಿತ್ತು. ಸೆಪ್ಟೆಂಬರ್ ಕೊನೆಯ ಎರಡು ದಿನ, ಅಕ್ಟೋಬರ್ ಮೊದಲ ಎರಡು ದಿನ ಸುರಿದ ಮಳೆಗೆ ರಾಯಚೂರು, ವಿಜಯಪುರ, ಬಾಗಲಕೋಟೆ, ಬಳ್ಳಾರಿ, ಕೊಪ್ಪಳ ಜಿಲ್ಲೆಗಳ ಹಳ್ಳಿಗಳು ಮುಳುಗಿದವು, ಮಂತ್ರಾಲಯ, ಕರ್ನೂಲು ಜಲಾವೃತವಾದವು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ವರ್ಷದ ಕೊನೆಗೆ ಬರವನ್ನೂ ನೆರೆಯನ್ನೂ ಕೂಡಿಸಿ ಭಾಗಿಸಿದರೆ ಸಿಗುವುದು 'ವಾಡಿಕೆ ಮಳೆ' ಎಂಬ ಶಾಂತವಾದ ಅಂಕಿ. ಮೇಲಿನ ಹಾದಿಯಲ್ಲಿ, ಹಿರಿಯೂರಿನ ಹತ್ತಿರ, ಇದೇ ವೇದಾವತಿಗೆ ಕಟ್ಟಿದ ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ. ಭದ್ರೆಯ ನೀರು ಹರಿಸಿದ್ದೂ ಅದಕ್ಕೆ ಒತ್ತಾಸೆಯಾಯಿತು, ಹೌದು. ಆದರೂ ಮೂರು ತಲೆಮಾರು ಕೋಡಿ ಕಾಣದ ಕೆರೆಗೆ 'ಸರಾಸರಿ ಒಳಹರಿವು' ಎಂದರೆ ಏನರ್ಥ?

ಹಿಂದಿನವರ ನೆನಪು ಇನ್ನೂ ಕಹಿ. 1876ರಿಂದ 1878ರವರೆಗಿನ ಬರವನ್ನು ಆ ಸಂವತ್ಸರಗಳ ಹೆಸರಿನಲ್ಲೇ ಧಾತು-ಈಶ್ವರ ಬರ ಎನ್ನುತ್ತಾರೆ. ಮದ್ರಾಸ್ ಪ್ರಾಂತದಲ್ಲಿದ್ದ ಬಳ್ಳಾರಿ ಜಿಲ್ಲೆ ಅದರಲ್ಲಿ ಅತಿ ಹೆಚ್ಚು ನಲುಗಿದ ಸೀಮೆಗಳಲ್ಲಿ ಒಂದು.

ಈಗ ಬಿಸಿಲಿಗೆ ಬರೋಣ. ಬಯಲು ಸೀಮೆಯಲ್ಲಿ ಬಿಸಿಗಾಳಿ ಎಂದು ಘೋಷಿಸಲು ಹವಾಮಾನ ಇಲಾಖೆಯ ನಿಯಮ ಹೀಗಿದೆ: ಗರಿಷ್ಠ ಉಷ್ಣತೆ ಕನಿಷ್ಠ 40 ಡಿಗ್ರಿ ಮುಟ್ಟಿರಬೇಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. 45 ದಾಟಿದರೆ ವಾಡಿಕೆಯ ಪ್ರಶ್ನೆ ಬರುವುದಿಲ್ಲ. ಕನಿಷ್ಠ ಎರಡು ಕೇಂದ್ರಗಳಲ್ಲಿ ಸತತ ಎರಡು ದಿನ ಹೀಗಿರಬೇಕು ಎಂಬುದು ಇನ್ನೊಂದು ಷರತ್ತು. ಬಳ್ಳಾರಿಯಲ್ಲಿ ಏಪ್ರಿಲ್-ಮೇ ತಿಂಗಳ ಗರಿಷ್ಠದ ವಾಡಿಕೆಯೇ 39ರ ಆಸುಪಾಸು. ಅಂದರೆ ಇಲ್ಲಿ ಬಿಸಿಗಾಳಿ ಶುರುವಾಗುವುದು 43.5ಕ್ಕೆ. ಸತತ ಹತ್ತು ದಿನ 42 ಡಿಗ್ರಿ ಇದ್ದರೂ ಕಾಗದದ ಮೇಲೆ ಏನೂ ಆಗಿಲ್ಲ. ಮೊದಲಿನಿಂದಲೂ ಬೇಯುತ್ತಿರುವವನಿಗೆ ಹೆಚ್ಚು ಬೆಂದರೆ ಮಾತ್ರ ದೂರು ಕೊಡುವ ಹಕ್ಕು!

ಅಹಮದಾಬಾದ್ ಕೂಡ ನಮ್ಮಂತೆಯೇ ಅರೆಶುಷ್ಕ ನಗರ. 2010ರ ಮೇ ತಿಂಗಳ ಬಿಸಿಲಿನಲ್ಲಿ ಅಲ್ಲಿ ವಾಡಿಕೆಗಿಂತ 1,300ಕ್ಕೂ ಹೆಚ್ಚು ಸಾವುಗಳಾದವು. ಅಲ್ಲಿನ ಪಾಲಿಕೆ 2013ರಲ್ಲಿ ತನ್ನದೇ ಬಿಸಿಲು ಕಾರ್ಯಯೋಜನೆ ಮಾಡಿಕೊಂಡಿತು. ವಾಡಿಕೆಗಿಂತ ಎಷ್ಟು ಹೆಚ್ಚು ಎಂದು ಕಾಯದೆ 41 ದಾಟಿದರೆ ಹಳದಿ, 43 ದಾಟಿದರೆ ಕಿತ್ತಳೆ, 45ಕ್ಕೆ ಕೆಂಪು ಎಂದು ಎಚ್ಚರಿಕೆಯ ಮೆಟ್ಟಿಲುಗಳನ್ನು ಗೊತ್ತುಮಾಡಿತು. ಎಷ್ಟು ಡಿಗ್ರಿಗೆ ತನ್ನ ಜನ ಸಾಯುತ್ತಾರೆ ಎಂಬುದನ್ನು ನೋಡಿ ಗೆರೆ ಎಳೆದ ಊರು ಅದು. ನಮ್ಮಲ್ಲಿ ಪ್ರತಿ ಬೇಸಿಗೆಯ ಕ್ರಮವೆಂದರೆ ಕಲಬುರಗಿ ವಿಭಾಗದ ಜಿಲ್ಲೆಗಳಿಗೂ ವಿಜಯಪುರ, ಬಾಗಲಕೋಟೆಗೂ ಏಪ್ರಿಲ್-ಮೇನಲ್ಲಿ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುವುದು. ಒಳ್ಳೆಯ ಆದೇಶ, ಅದರಲ್ಲಿ ಅನುಮಾನವಿಲ್ಲ. ಫ್ಯಾನಿನ ಕೆಳಗೆ ಕೂರುವವರು ಒಂದೂವರೆಗೆ ಮನೆಗೆ ಹೋಗುತ್ತಾರೆ. ತಗಡಿನ ಶೀಟಿನ ಕೆಳಗೆ ಜೀನ್ಸ್ ಹೊಲಿಯುವವರು, ಅದೇ ಜೀನ್ಸಿಗೆ ಬಣ್ಣ ಹಾಕಿ ತೊಳೆಯುವವರು, ಗಾರೆ ಕಲಸುವವರು, ಎಪಿಎಂಸಿಯಲ್ಲಿ ಮೆಣಸಿನಕಾಯಿ ಚೀಲ ಹೊರುವವರು ಆಗಷ್ಟೇ ಊಟಕ್ಕೆ ಕುಳಿತಿರುತ್ತಾರೆ. ಆದೇಶ ಅವರನ್ನು ಮುಟ್ಟುವುದಿಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ ಉತ್ತರದ 14 ಕ್ಷೇತ್ರಗಳಿಗೆ ಮತದಾನ ನಿಗದಿಯಾದದ್ದು ಮೇ 7ಕ್ಕೆ. ದಿನ ಗೊತ್ತುಮಾಡಿದವರು ಆ ತಿಂಗಳಲ್ಲಿ ಈ ಕಡೆ ಒಮ್ಮೆ ಬಂದು ಹೋಗಿದ್ದರೆ ಚೆನ್ನಾಗಿತ್ತು.

ಹಗಲಿಗಿಂತ ರಾತ್ರಿಯ ಬಿಸಿ ಕೆಟ್ಟದ್ದು, ದೇಹ ದಣಿವಾರಿಸಿಕೊಳ್ಳುವ ಹೊತ್ತನ್ನೇ ಅದು ಕಸಿಯುತ್ತದೆ. ಈ ಸೀಮೆಯ ಹಳೆಯ ಮನೆಗಳು ಮಾಳಿಗೆ ಮನೆಗಳು. ಗಜ ದಪ್ಪದ ಕಲ್ಲು-ಮಣ್ಣಿನ ಗೋಡೆ, ಮರದ ತೊಲೆ, ಮೇಲೆ ಚೌಳು ಮಣ್ಣಿನ ದಪ್ಪ ಹೊದಿಕೆ, ಬೆಳಕಿಗೂ ಹೊಗೆ ಹೋಗುವುದಕ್ಕೂ ಒಂದು ಗವಾಕ್ಷಿ. ಹಗಲಿನ ಕಾವು ಆ ಮಣ್ಣನ್ನು ದಾಟಿ ಒಳಗೆ ಬರುವಷ್ಟರಲ್ಲಿ ಸಂಜೆಯಾಗಿ, ಮನೆಮಂದಿ ಮಾಳಿಗೆ ಹತ್ತಿ ಮಲಗಿರುತ್ತಿದ್ದರು. ಆರ್‌ಸಿಸಿ ಬಂದ ಮೇಲೆ ನಾಲ್ಕೈದು ಅಂಗುಲದ ಸ್ಲ್ಯಾಬು ಮಧ್ಯಾಹ್ನದ ಬಿಸಿಲನ್ನು ನುಂಗಿ ರಾತ್ರಿ ಎರಡರವರೆಗೆ ತಲೆಯ ಮೇಲೆ ಉಗುಳುತ್ತದೆ. ಹಳೆಯ ಮನೆಗೆ ಮರಳಬೇಕು ಎಂಬ ಹಂಬಲವೇನೂ ನನಗಿಲ್ಲ. ಸೋರುವ ಮಾಳಿಗೆಗೆ ಪ್ರತಿ ವರ್ಷ ಮಣ್ಣು ಹೊತ್ತು ಹಾಕಿದವರನ್ನು ಕೇಳಿದರೆ ಆ ಸುಖ ಗೊತ್ತಾಗುತ್ತದೆ. ಆದರೆ ಸ್ಲ್ಯಾಬಿಗೆ ಯುಗಾದಿಗೆ ಮುಂಚೆ ಎರಡು ಕೈ ಸುಣ್ಣ ಬಳಿಯುವುದಕ್ಕೆ ಯಾವ ತಂತ್ರಜ್ಞಾನವೂ ಬೇಕಿಲ್ಲ. ಬಿಳಿ ಮೇಲ್ಮೈ ಬಿಸಿಲನ್ನು ವಾಪಸು ಕಳಿಸುತ್ತದೆ. ಅಹಮದಾಬಾದಿನ ಬಡಾವಣೆಗಳಲ್ಲಿ ಪಾಲಿಕೆಯೇ ನಿಂತು ಇದನ್ನು ಮಾಡಿಸಿದೆ.

ಏರ್ ಕೂಲರ್ ಇಟ್ಟವರಿಗೆ ಈ ಹವೆಯ ಇನ್ನೊಂದು ಗುಣ ಗೊತ್ತು. ಏಪ್ರಿಲ್‌ನಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಒಣಗಾಳಿ ನೀರನ್ನು ಹೀರುವಾಗ ತಂಪಾಗುತ್ತದೆ. ಮೇ ಕೊನೆಗೆ ಮೋಡ ಕಟ್ಟಿ ಮಳೆ ಬಾರದ ಧಗೆಯ ದಿನಗಳಲ್ಲಿ ಅದೇ ಕೂಲರ್ ಬರೀ ಸದ್ದು. ಬೆವರಿನ ಕಥೆಯೂ ಅದೇ. ಏಪ್ರಿಲ್‌ನಲ್ಲಿ ಬೆವರು ಹುಟ್ಟಿದಲ್ಲೇ ಆರಿಹೋಗಿ, ಎಷ್ಟು ನೀರು ಹೋಯಿತೆಂಬುದು ತಲೆ ತಿರುಗುವವರೆಗೂ ತಿಳಿಯುವುದಿಲ್ಲ. ರಸ್ತೆ ಬದಿಯ ತಾಟಿನುಂಗು, ಮಜ್ಜಿಗೆಯ ಗಡಿಗೆ, ಅಂಗಡಿ ಮುಂದಿನ ಮಣ್ಣಿನ ಕೊಡ ಇವೆಲ್ಲ ಆ ಕಾರಣಕ್ಕೇ ಈ ಊರಿನ ಆರೋಗ್ಯ ವ್ಯವಸ್ಥೆಯ ಭಾಗ.

ಅಷ್ಟು ನೀರು ಎಲ್ಲಿಂದ? ಬಳ್ಳಾರಿಯ ನಲ್ಲಿಯಲ್ಲಿ ಬರುವುದು ಬಳ್ಳಾರಿಯ ಮಳೆಯಲ್ಲ. ಶೃಂಗೇರಿ, ಕೊಪ್ಪ, ತೀರ್ಥಹಳ್ಳಿಯ ಕಡೆ ಜುಲೈನಲ್ಲಿ ಸುರಿದದ್ದು ತುಂಗಭದ್ರೆಯಾಗಿ ಹೊಸಪೇಟೆಯ ಅಣೆಕಟ್ಟಿಗೆ ಬಂದು, ಎಚ್‌ಎಲ್‌ಸಿ ಎಂಬ ಮೇಲ್ಮಟ್ಟದ ಕಾಲುವೆಯಲ್ಲಿ ಹರಿದು, ಅಲ್ಲೀಪುರದ ಕೆರೆಯಲ್ಲಿ ನಿಂತು ನಮ್ಮ ಓಣಿಗೆ ತಲುಪುತ್ತದೆ. ನಾವಿಲ್ಲಿ ಆಷಾಢದ ಧೂಳು ಕುಡಿಯುವಾಗ ಜಲಾಶಯ ತುಂಬುತ್ತಿರುತ್ತದೆ. ಹೀಗಾಗಿ ಊರಿನ ಬಿಸಿಲು ಊರಿನದೇ, ನೀರು ಮಾತ್ರ ಮಲೆನಾಡಿನ ಕೃಪೆ. ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ 105.78 ಟಿಎಂಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳ ಪೈಕಿ 19ನೆಯದರ ಚೈನು ತುಂಡಾದಾಗ ತುಂಬಿದ ಜಲಾಶಯದಿಂದ ಹತ್ತಾರು ಟಿಎಂಸಿ ನೀರನ್ನು ನದಿಗೆ ಬಿಡಬೇಕಾಯಿತು. ವಾರದೊಳಗೆ ತಾತ್ಕಾಲಿಕ ಗೇಟು ಕೂರಿಸಿದರು, ಆಮೇಲಿನ ಮಳೆಗೆ ಜಲಾಶಯ ಮತ್ತೆ ತುಂಬಿತು. ಆ ಮಳೆ ಬಾರದಿದ್ದರೆ ಮುಂದಿನ ಬೇಸಿಗೆಯನ್ನು ಒಂದು ಚೈನು ತೀರ್ಮಾನಿಸುತ್ತಿತ್ತು.

ಹಿಂದಿನ ವರ್ಷವಷ್ಟೇ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಗಿದ್ದವು. ಅಂಥ ವರ್ಷಗಳಲ್ಲಿ ಮೋಡ ಬಿತ್ತನೆಯ ಮಾತು ಏಳುವುದು ವಾಡಿಕೆ. 2003ರಲ್ಲಿ 'ವರುಣ' ಎಂದು ಒಮ್ಮೆ, 2017ರಲ್ಲಿ 'ವರ್ಷಧಾರೆ' ಎಂದು ಇನ್ನೊಮ್ಮೆ ವಿಮಾನಗಳು ಹಾರಿದವು. ಮೋಡವಿದ್ದರೆ ತಾನೆ ಬಿತ್ತುವುದು? ಬರದ ವರ್ಷ ಕೊರತೆಯಾಗುವುದು ಅದೇ.

ಬಿದ್ದದ್ದನ್ನು ಹಿಡಿಯುವ ವಿದ್ಯೆ ಮಾತ್ರ ಈ ನೆಲದಲ್ಲೇ ಬೆಳೆದಿದೆ. 1930ರ ದಶಕದಲ್ಲಿ ಒಣಬೇಸಾಯದ ಸಂಶೋಧನೆಗೆಂದು ಇಡೀ ದೇಶದಲ್ಲಿ ಆರಿಸಿದ ಐದು ಜಾಗಗಳಲ್ಲಿ ಮೂರು ಇಂದಿನ ಕರ್ನಾಟಕದವು: ವಿಜಯಪುರ, ರಾಯಚೂರು ಮತ್ತು ಬಳ್ಳಾರಿಯ ಪಕ್ಕದ ಹಗರಿ. ಉಳಿದೆರಡು ಸೊಲ್ಲಾಪುರ, ರೋಹ್ಟಕ್. 1954ರಲ್ಲಿ ಬಳ್ಳಾರಿಯಲ್ಲೇ ಮಣ್ಣು ಮತ್ತು ನೀರಿನ ಸಂರಕ್ಷಣೆಯ ಕೇಂದ್ರವೂ ಬಂತು. ಹಿಂಗಾರು ಬಿತ್ತನೆಗೆ ಮುಂಚೆ ಹೊಲವನ್ನು ಚೌಕು ಮಡಿಗಳಾಗಿ ಕಟ್ಟಿ, ಸೆಪ್ಟೆಂಬರಿನ ರಭಸದ ಮಳೆ ಓಡಿಹೋಗದಂತೆ ಬಿದ್ದಲ್ಲೇ ಇಂಗಿಸುವುದು ಇಂಥ ಕೇಂದ್ರಗಳು ದಶಕಗಳಿಂದ ಹೇಳುತ್ತ ಬಂದಿರುವ ಮಾತು. ಮಣ್ಣಿನೊಳಗೆ ಇಳಿದ ನೀರನ್ನು ಬಿಸಿಲು ಸುಲಭವಾಗಿ ಕದಿಯಲಾರದು. 2014ರ ಕೃಷಿ ಭಾಗ್ಯ ಯೋಜನೆಯ ಕೃಷಿ ಹೊಂಡಗಳೂ ಇದೇ ಜಾಡಿನವು, ಆದರೆ ತೆರೆದ ಹೊಂಡದ ನೀರಿಗೆ ಆವಿಯ ಕಾಟ ತಪ್ಪಿದ್ದಲ್ಲ. ಇದೆಲ್ಲ ಹೊಲದ ಮಾತಾಯಿತು. ನಗರ ಈ ಪಾಠಶಾಲೆಯ ಬೇಲಿಯಾಚೆಯೇ ಇದ್ದರೂ ಒಳಗೆ ಹೋಗಿಲ್ಲ.

ಉತ್ತರೆ ಮಳೆಯ ಒಂದು ರಾತ್ರಿ. ಎರಡು ಗಂಟೆ ಬಿಡದೆ ಹೊಡೆದು ನಲವತ್ತು ಮಿಲಿಮೀಟರ್ ಸುರಿದಿದೆ ಎಂದುಕೊಳ್ಳಿ. ನೂರು ಚದರ ಮೀಟರಿನ ಒಂದು ಸಾಧಾರಣ ಮಾಳಿಗೆಯ ಮೇಲೆ ಅಷ್ಟರಲ್ಲೇ ನಾಲ್ಕು ಸಾವಿರ ಲೀಟರ್ ಬಿದ್ದಿರುತ್ತದೆ, ದೊಡ್ಡ ಸಿಂಟೆಕ್ಸ್ ನಾಲ್ಕು ತುಂಬುವಷ್ಟು. ನಮ್ಮ ಓಣಿಯಲ್ಲಿ ಸಾಲಾಗಿ ಮನೆಗಳು, ಪ್ರತಿ ಮನೆಯ ಮಾಳಿಗೆಯಿಂದಲೂ ಒಂದೊಂದು ಪಿವಿಸಿ ಪೈಪು ನೇರ ರಸ್ತೆಗೆ ಇಳಿದಿದೆ. ನೀರು ಪೈಪುಗಳಿಂದ ಧುಮುಕಿ, ಚರಂಡಿಯ ಕಸವನ್ನೆಲ್ಲ ಮೇಲೆತ್ತಿ, ಇಳಿಜಾರಿನ ಕೊನೆಯ ಮನೆಗಳ ಹೊಸಿಲು ದಾಟುತ್ತದೆ. ಬೆಳಗಾದರೆ ಕೆಸರು ಬಳಿಯುವ ಕೆಲಸ. ಅದು ಮುಗಿಯುವಷ್ಟರಲ್ಲಿ ಯಾರೋ ಬಾಗಿಲಲ್ಲಿ ನಿಂತು ಕೂಗುತ್ತಾರೆ, "ಅಕ್ಕಾ, ಇವತ್ತು ನಲ್ಲಿ ಬರುವ ದಿನ ಅಲ್ಲವೇ, ಡ್ರಮ್ ತೊಳೆದಿಟ್ಟಿದ್ದೀರಾ?"